ಕಣ್ಣಿನ ಜಾಗ

ಮೊದಲೇ ಹೇಳಿಬಿಡುತ್ತೇನೆ, ಚಿತ್ರಕಲೆ ನನಗೆ ಗೊತ್ತಿಲ್ಲ. ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವವಳು, ಹೆಸರು ರುಕ್ಮಿಣಮ್ಮ. ಮಕ್ಕಳು ಬೆನ್ನ ಹಿಂದೆ ಕರೆಯುವ ಹೆಸರು ಬೇರೆ ಇದೆ, ಅದು ಇಲ್ಲಿ ಬೇಡ. ನನ್ನ ಬಾಯಿ ಜೋರೆಂದು ಹೆಡ್‌ಮಾಸ್ಟರಿಂದ ಹಿಡಿದು ಬಿಸಿಯೂಟದ ಮುನಿಲಕ್ಷ್ಮಮ್ಮನವರೆಗೆ ಎಲ್ಲರಿಗೂ ಗೊತ್ತು. ಅಷ್ಟು ಜೋರು ಬಾಯಿ ಇಟ್ಟುಕೊಂಡೂ ನಿಶತ್ ಎನ್ನುವ ಹುಡುಗಿಯ ವಿಷಯದಲ್ಲಿ ಏನೂ ಮಾಡಲಾಗಲಿಲ್ಲವಲ್ಲ ಎನ್ನುವ ಹೊಟ್ಟೆಯುರಿ ನನಗೆ ಇನ್ನೂ ಹೋಗಿಲ್ಲ.

ನಮ್ಮ ಸರ್ಕಾರಿ ಹೈಸ್ಕೂಲು ಇರುವುದು ದೊಡ್ಡಬಳ್ಳಾಪುರದಿಂದ ಘಾಟಿಗೆ ಹೋಗುವ ರಸ್ತೆಯ ಪಕ್ಕ. ಹಿಂದುಗಡೆ, ನೀಲಗಿರಿ ತೋಪಿಗೆ ಅಂಟಿಕೊಂಡು ಒಂದು ಹಂಚಿನ ಕೋಣೆಯಿದೆ. ಅದು ಡ್ರಾಯಿಂಗ್ ರೂಮು. ಮಳೆ ಬಂದರೆ ಎರಡು ಕಡೆ ಸೋರುತ್ತದೆ, ಬಿಸಿಲು ಬಂದರೆ ಒಲೆಯಾಗುತ್ತದೆ. ಆ ಕೋಣೆಯಲ್ಲಿ ನಮ್ಮ ಡ್ರಾಯಿಂಗ್ ಮೇಷ್ಟ್ರು ಕೊಂಡಾಚಾರ್ ತಮ್ಮ ಸರ್ವಿಸ್ಸೆಲ್ಲ ಕಳೆದರು. ಇವರು ನಿವೃತ್ತರಾದರೆ ಆ ಜಾಗಕ್ಕೆ ಇನ್ನೊಬ್ಬ ಡ್ರಾಯಿಂಗ್ ಮೇಷ್ಟ್ರು ಬರುವುದಿಲ್ಲವೆಂದು ನಮಗೆಲ್ಲ ಗೊತ್ತಿತ್ತು.

ಕೊಂಡಾಚಾರ್ ರಾಜಘಟ್ಟದ ಕಡೆಯವರು. ಅವರ ತಂದೆ, ತಾತ ಎಲ್ಲ ವಿಗ್ರಹ ಮಾಡುವ ಆಚಾರಿಗಳು, ಸುತ್ತಲ ಹಳ್ಳಿಗಳ ಗ್ರಾಮದೇವತೆಯರನ್ನು ಮರದಲ್ಲಿ ಕೆತ್ತಿ ಬಣ್ಣ ಹಾಕಿ ಕೊಟ್ಟವರು. ಇವರು ಉಳಿ ಬಿಟ್ಟು ಪೆನ್ಸಿಲ್ ಹಿಡಿದರು, ಆದರೆ ಮನೆತನದ ಒಂದು ಕಟ್ಟುಪಾಡನ್ನು ಮಾತ್ರ ಬಿಡಲಿಲ್ಲ. ವಿಗ್ರಹದ ಕೆಲಸವೆಲ್ಲ ಮುಗಿದ ಮೇಲೆ ಕೊನೆಯಲ್ಲಿ ಅದಕ್ಕೆ ಕಣ್ಣು ತೆರೆಯುತ್ತಾರಲ್ಲ, ಅದು ಹಿರಿಯ ಆಚಾರಿಯ ಕೆಲಸ. ಕಲಿಯುವವರು ಅದನ್ನು ಮುಟ್ಟುವ ಹಾಗಿಲ್ಲ, ಹಿರಿಯರು ಅಪ್ಪಣೆ ಕೊಟ್ಟ ಮೇಲೆಯೇ ಮುಟ್ಟಬೇಕು. ಮೇಷ್ಟ್ರು ಅದನ್ನೇ ಕ್ಲಾಸಿಗೂ ತಂದರು. ಮಕ್ಕಳು ಯಾರ ಮುಖ ಬರೆದರೂ ಮೂಗು, ತುಟಿ, ಕಿವಿ, ಕೂದಲು ಎಲ್ಲ ತಾವೇ ಬರೆದು ಕಣ್ಣಿನ ಜಾಗ ಖಾಲಿ ಬಿಡಬೇಕು. ಶನಿವಾರ ಮೇಷ್ಟ್ರು ಕೈಕಾಲು ತೊಳೆದುಕೊಂಡು ಬಂದು ಕೂರುತ್ತಿದ್ದರು. ಮಕ್ಕಳು ಹಾಳೆ ಹಿಡಿದು ಸಾಲಾಗಿ ನಿಲ್ಲುತ್ತಿದ್ದರು. ಸಣ್ಣ ಬ್ರಷ್ಷನ್ನು ಕಪ್ಪಿಗೆ ಅದ್ದಿ ಒಬ್ಬೊಬ್ಬರ ಚಿತ್ರಕ್ಕೂ ಮೇಷ್ಟ್ರು ಕಣ್ಣು ಬರೆದುಕೊಡುತ್ತಿದ್ದರು.

ಅದು ನೋಡಲು ಚೆಂದವಾಗಿತ್ತು, ಸುಳ್ಳು ಯಾಕೆ ಹೇಳಲಿ. ಸತ್ತ ಹಾಗೆ ಬಿದ್ದಿದ್ದ ಮುಖ ಬ್ರಷ್ಷು ಮುಟ್ಟಿದ್ದೇ ತಡ ನಮ್ಮನ್ನು ನೋಡುತ್ತಿತ್ತು. ಸ್ಟಾಫ್ ರೂಮಿನಿಂದ ನಾವೆಲ್ಲ ಟೀ ಲೋಟ ಹಿಡಿದುಕೊಂಡೇ ಹೋಗಿ ನಿಲ್ಲುತ್ತಿದ್ದೆವು. ನಾನು ಅಪ್ಪಣೆ ಕೊಟ್ಟ ದಿನ ನೀವೂ ಕಣ್ಣು ಬರೆಯಬಹುದು ಎಂದು ಮೇಷ್ಟ್ರು ಮಕ್ಕಳಿಗೆ ಹೇಳುತ್ತಿದ್ದರು. ಯಾರಿಗಾದರೂ ಕೊಟ್ಟಿದ್ದನ್ನು ನಾನಂತೂ ಕಾಣೆ. ಅವರ ಕೈಯಲ್ಲಿ ಕಲಿತ ಮಕ್ಕಳು ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆಗಳನ್ನು ಸಲೀಸಾಗಿ ಪಾಸಾಗುತ್ತಿದ್ದರು. ಅಲ್ಲಿ ಅವರು ಬರೆಯಬೇಕಾಗಿ ಬಂದಿದ್ದು ಹೂಜಿ, ಎಲೆ, ಸೀರೆ ಅಂಚಿನ ಡಿಸೈನು. ಒಂದು ಮುಖವನ್ನು ಪೂರ್ತಿ ಬರೆಯಬೇಕಾದ ಪ್ರಸಂಗ ಯಾರಿಗೂ ಬರಲಿಲ್ಲ. ಹಾಗಾಗಿ ಈ ಕಟ್ಟುಪಾಡಿನಿಂದ ಯಾರಿಗೂ ಏನೂ ನಷ್ಟವಾಗದೆ ವರ್ಷಗಳು ನಡೆದುಹೋದವು.

ನಿಶತ್ ಎಂಟನೇ ಕ್ಲಾಸಿಗೆ ನಮ್ಮಲ್ಲಿ ಸೇರಿದಳು. ಅವಳ ಅಪ್ಪ ಅಫ್ಸರ್ ಅವರದು ಬಸ್ ಸ್ಟಾಂಡಿನ ಹಿಂದೆ ಬೋರ್‌ವೆಲ್ ಮೋಟರಿಗೆ ವೈಂಡಿಂಗ್ ಮಾಡುವ ಅಂಗಡಿ. ತಾಯಿ ಇಲ್ಲದ ಹುಡುಗಿ, ಅಪ್ಪನ ತಾಯಿ ಮಹಮೂದಾ ಸಾಕಿದ್ದು, ಅವಳು ಅವರನ್ನು ಕರೆಯುವುದು ದಾದಿ ಎಂದು. ಲೆಕ್ಕದಲ್ಲಿ ಸೊನ್ನೆ, ಇಂಗ್ಲಿಷಿನಲ್ಲಿ ಸೊನ್ನೆಗೆ ಹತ್ತಿರ. ಒಂದು ದಿನ ನಾನು ಹಳಗನ್ನಡದ ಪದ್ಯ ಬಿಡಿಸಿ ಹೇಳುತ್ತಿದ್ದರೆ ಇವಳು ತಲೆ ಎತ್ತದೆ ಏನೋ ಗೀಚುತ್ತಿದ್ದಳು. ಕೋಪ ನೆತ್ತಿಗೇರಿ ಹೋಗಿ ಪುಸ್ತಕ ಕಿತ್ತುಕೊಂಡೆ. ನೋಡಿದರೆ ಪದ್ಯದ ಪಕ್ಕ ನಾನೇ ನಿಂತಿದ್ದೇನೆ. ಬೈಯುತ್ತಿರುವ ಬಾಯಿ, ಸೆರಗಿನ ಪಿನ್ನು, ನನ್ನ ಈ ಗಿಣಿಮೂಗು. ನನ್ನ ಮೂಗನ್ನು ಅಷ್ಟು ಗಮನವಿಟ್ಟು ನನ್ನ ಯಜಮಾನರೂ ನೋಡಿರಲಿಲ್ಲ. ಬೈಯಲು ತೆರೆದ ಬಾಯಲ್ಲಿ ನಗು ಬಂತು. ಕಣ್ಣು ಎಲ್ಲಿ ಎಂದು ಕೇಳಿದ್ದಕ್ಕೆ, ಅದನ್ನು ಶನಿವಾರ ಸಾರ್ ಬರೆಯುತ್ತಾರೆ ಎಂದಳು.

ಮನೆಯಲ್ಲಿ ಅವಳಿಗೆ ಅಡ್ಡಿ ಮಾಡಿದವರಿಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದು ಮುಂದೆ ತಿಳಿಯುತ್ತದೆ. ದಾದಿ ಮಹಮೂದಾ ಕುಟ್ಟಿದ ಎಲೆ ಅಡಿಕೆ ಜಗಿಯುತ್ತಾ ಗಂಟೆಗಟ್ಟಲೆ ಮೊಮ್ಮಗಳ ಮುಂದೆ ಕೂರುತ್ತಿದ್ದರು, ಮೂಗುಬೊಟ್ಟಿನ ಕಲ್ಲು ಹೊಳೆಯುವ ಹಾಗೆ ಬರೆಯಬೇಕೆಂದು ಜಗಳ ಮಾಡುತ್ತಿದ್ದರು. ಆ ಚಿತ್ರಗಳು ಅಫ್ಸರ್ ಅಂಗಡಿಯ ಗೋಡೆಯಲ್ಲಿ ತಾಮ್ರದ ತಂತಿಯಲ್ಲಿ ತೂಗುತ್ತಿದ್ದವು. ಹೆಣ್ಣುಮಗಳು ಮುಖ ಗಿಖ ಬರೆಯುವುದು ಯಾಕೆ ಎಂದು ಪೇಟೆಯವರೊಬ್ಬರು ಒಮ್ಮೆ ಕೇಳಿದ್ದರಂತೆ. ಮಗಳು ನನ್ನದು, ನಿಮಗೇನು ಕಷ್ಟ ಎಂದು ಹೇಳಿ ಅಫ್ಸರ್ ವೈಂಡಿಂಗ್ ಮುಂದುವರಿಸಿದರಂತೆ.

ಅವಳು ಹತ್ತನೇ ಕ್ಲಾಸಿನಲ್ಲಿದ್ದಾಗ ಮೇಷ್ಟ್ರು ಒಂದು ಸುದ್ದಿ ತಂದರು. ಬೆಂಗಳೂರಿನ ಒಂದು ಚಿತ್ರಕಲಾ ಶಾಲೆಯವರು ಸರ್ಕಾರಿ ಶಾಲೆಯ ಮಕ್ಕಳಿಗೆಂದು ಜಿಲ್ಲೆಗೊಂದು ಸೀಟು ಇಟ್ಟಿದ್ದಾರೆ, ಊಟ ಹಾಸ್ಟೆಲ್ಲು ಎಲ್ಲ ಅವರದೇ, ಆಯಾ ವರ್ಷ ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ಮಾತ್ರ. ಬರೆದ ಚಿತ್ರಗಳನ್ನು ಒಪ್ಪಿಸಬೇಕು, ಅಲ್ಲಿಯೇ ಕೂತು ಒಬ್ಬ ಮನುಷ್ಯನನ್ನು ನೋಡಿ ಬರೆದು ತೋರಿಸಬೇಕು. ಅಫ್ಸರ್ ಯೋಚಿಸಿ ಒಂದು ಮಾತು ಹೇಳಿದರು. ಅದು ಸಿಕ್ಕರೆ ಸಂತೋಷವಾಗಿ ಕಳಿಸುತ್ತೇನೆ, ಸಿಗದಿದ್ದರೆ ಪಿಯುಸಿ ಕಾಮರ್ಸ್ ಸೇರಿ ಅಂಗಡಿ ವ್ಯವಹಾರ ನೋಡಿಕೊಳ್ಳಲಿ, ಬೇರೆ ಕಡೆ ಓದಿಸುವುದು ನನ್ನ ಕೈಲಾಗದು. ನ್ಯಾಯವಾದ ಮಾತೇ. ಇತ್ತ ಮೇಷ್ಟ್ರೂ ಆ ವರ್ಷವೇ ನಿವೃತ್ತರಾಗುವವರು.

ಒಂದು ದಿನ ಊಟದ ಬಿಡುವಿನಲ್ಲಿ ನಿಶತ್ ನನ್ನ ಹತ್ತಿರ ಬಂದು ನಿಂತಳು. ತುಂಬ ಮಾತಾಡುವ ಹುಡುಗಿಯಲ್ಲ.

"ಮಿಸ್, ಅದು ಸಿಗ್ಲಿಲ್ಲ ಅಂದ್ರೆ ನಾನು ಬರೆಯೋದು ಇಲ್ಲಿಗೇ ನಿಂತೋಗುತ್ತೆ. ನಂಗೆ ಬೇರೆ ಏನೂ ಬರಲ್ಲ."

ಸಿಕ್ಕೇ ಸಿಗುತ್ತೆ ಹೋಗೇ, ಮೊದಲು ಕನ್ನಡದಲ್ಲಿ ಪಾಸಾಗು ಎಂದು ಗದರಿ ಕಳಿಸಿದೆ. ನನಗೆ ಒಳಗೆ ಅನುಮಾನವೇ ಇರಲಿಲ್ಲ. ಇವಳಿಗೆ ಸಿಗದೆ ಇನ್ಯಾರಿಗೆ ಸಿಗಬೇಕು?

ಬೇಸಿಗೆ ರಜೆಯೆಲ್ಲ ಅವಳು ಆ ಹಂಚಿನ ಕೋಣೆಯಲ್ಲಿ ಕೂತು ಬರೆದಳು. ಮುನಿಲಕ್ಷ್ಮಮ್ಮನನ್ನು ಬರೆದಳು, ಹಾಲಿನ ಡೈರಿಯ ವರಲಕ್ಷ್ಮಮ್ಮನನ್ನು ಬರೆದಳು, ದಾದಿಯನ್ನಂತೂ ಬರೆದದ್ದೇ ಬರೆದದ್ದು. ಮುನಿಲಕ್ಷ್ಮಮ್ಮನ ಕತ್ತಿನ ನರ, ದಾದಿಯ ಬೊಚ್ಚು ಬಾಯಿಯ ಸುಕ್ಕು, ಎಲ್ಲ ಪೆನ್ಸಿಲ್ಲಿನಲ್ಲಿ ಎದ್ದು ಬರುತ್ತಿದ್ದವು. ಮೇಷ್ಟ್ರು ತಮ್ಮ ಮನೆಯಿಂದ ಮಜ್ಜಿಗೆ ತಂದು ಅವಳಿಗೆ ಕುಡಿಸುತ್ತಿದ್ದರು, ಶೇಡಿಂಗ್ ಎಲ್ಲಿ ಗಟ್ಟಿಯಾಯಿತು, ಎಲ್ಲಿ ತೆಳ್ಳಗಾಯಿತು ಎಂದು ಪಕ್ಕದಲ್ಲಿ ಕೂತು ತಿದ್ದುತ್ತಿದ್ದರು. ಸಂಜೆ ಕಣ್ಣು ಬರೆದುಕೊಡುತ್ತಿದ್ದರು. ಅಷ್ಟೆಲ್ಲ ಮುತುವರ್ಜಿ ವಹಿಸಿದ ಮನುಷ್ಯನಿಗೆ ಆ ಒಂದು ವಿಚಾರ ತಲೆಗೆ ಹೊಳೆಯಲಿಲ್ಲ. ಶನಿವಾರ ಶನಿವಾರ ಟೀ ಕುಡಿಯುತ್ತಾ ನೋಡುತ್ತಿದ್ದ ನಮಗ್ಯಾರಿಗೂ ಹೊಳೆಯಲಿಲ್ಲ.

ಬೆಂಗಳೂರಿನ ಆ ಪರೀಕ್ಷೆಯ ದಿನ ಮೇಷ್ಟ್ರು ಬರಲಿಲ್ಲ. ನಾನು ಜೊತೆಗಿದ್ದರೆ ಹುಡುಗಿ ನನ್ನ ಮುಖವನ್ನೇ ನೋಡುತ್ತಾಳೆ, ಧೈರ್ಯವಾಗಿ ತಾನೇ ಬರೆಯಲಿ ಎಂದರು. ಅಫ್ಸರ್ ಅವರಿಗೆ ಯಾರದೋ ತೋಟದ ಮೋಟರ್ ಸುಟ್ಟುಹೋಗಿ ಬಿಡುವಿರಲಿಲ್ಲ. ನಾನೇ ಕರೆದುಕೊಂಡು ಹೋದೆ. ಒಳಗೆ ಒಂದು ದೊಡ್ಡ ಹಾಲು, ಮಧ್ಯೆ ಸ್ಟೂಲಿನ ಮೇಲೆ ಒಬ್ಬ ಮುದುಕರು, ಸುತ್ತ ಬೋರ್ಡು ಹಿಡಿದ ಮಕ್ಕಳು. ಬಾಗಿಲು ಹಾಕಿಕೊಂಡರು. ನಾನು ಹೊರಗೆ ಮರದ ಕೆಳಗೆ ಕೂತು ಕಂಡ ದೇವರಿಗೆಲ್ಲ ಕೈ ಮುಗಿದೆ, ಅವಳ ದೇವರಿಗೂ ಮುಗಿದೆ.

ನಿಶತ್ ಹೊರಗೆ ಬಂದಾಗ ಮುಖ ಅರಳಿತ್ತು. ಕೈಯೆಲ್ಲ ಪೆನ್ಸಿಲ್ ಮಸಿ. ತುಂಬಾ ಚೆನ್ನಾಗಿ ಬಂತು ಮಿಸ್, ತಾತನ ಗಡ್ಡ ಬಹಳ ಕಷ್ಟ ಇತ್ತು, ಆದರೂ ಬಂತು ಎಂದಳು. ಇಬ್ಬರೂ ಮಸಾಲೆದೋಸೆ ತಿಂದು ಬಸ್ಸು ಹತ್ತಿದೆವು. ಯಲಹಂಕ ದಾಟಿರಬೇಕು, ಅವಳು ಕಿಟಕಿಯ ಕಡೆ ನೋಡುತ್ತಾ ಇದ್ದಕ್ಕಿದ್ದಂತೆ ಕೇಳಿದಳು.

"ಮಿಸ್, ಕಣ್ಣನ್ನ ಅಲ್ಲಿನ ಸಾರ್ ಯಾವಾಗ ಬರೀತಾರೆ?"

ನನಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ತಾತನ ಮುಖವೆಲ್ಲ ಬರೆದು ಕಣ್ಣಿನ ಜಾಗ ಖಾಲಿ ಬಿಟ್ಟು ಒಪ್ಪಿಸಿ ಬಂದಿದ್ದಾಳೆ. ಬೇರೆ ಮಕ್ಕಳು ಬರೆಯಲಿಲ್ಲವೇ ಎಂದು ಕೇಳಿದೆ. ಬರೆದರು ಮಿಸ್, ಅವರಿಗೆ ಅವರ ಸಾರ್ ಅಪ್ಪಣೆ ಕೊಟ್ಟಿರಬೇಕು, ನನಗಿನ್ನೂ ಕೊಟ್ಟಿಲ್ಲವಲ್ಲ ಎಂದಳು. ಕೇಳದೆ ಬರೆದರೆ ತಪ್ಪಾಗುತ್ತದೆ ಎಂದು ಬಿಟ್ಟಳಂತೆ. ಅಲ್ಲಿನ ಹಿರಿಯ ಮೇಷ್ಟ್ರೊಬ್ಬರು ಕೊನೆಗೆ ಬಂದು ಎಲ್ಲ ನೋಡಿ ಬರೆಯುತ್ತಾರೆ ಎಂದುಕೊಂಡಳಂತೆ. ಅವಳ ಮುಖದಲ್ಲಿ ಒಂದಿಷ್ಟೂ ಅಳುಕಿಲ್ಲ.

ಮುಂದಿನ ಸ್ಟಾಪಿನಲ್ಲಿ ಇಳಿದು ವಾಪಸ್ ಬಸ್ಸು ಹಿಡಿದೆವು. ನಾವು ಹೋಗುವಷ್ಟರಲ್ಲಿ ಹಾಲಿಗೆ ಬೀಗ ಬಿದ್ದಿತ್ತು. ಆಫೀಸಿನಲ್ಲಿದ್ದ ಗುಮಾಸ್ತನ ಹತ್ತಿರ ನಾನು ಬಾಯಿ ಮಾಡಿದೆ, ಬೇಡಿಕೊಂಡೆ, ಮತ್ತೆ ಬಾಯಿ ಮಾಡಿದೆ. ಒಮ್ಮೆ ಒಪ್ಪಿಸಿದ ಹಾಳೆ ಮುಟ್ಟುವ ಹಾಗಿಲ್ಲ, ಸಾಹೇಬರಿಗೆ ಹೇಳುತ್ತೇನೆ ಬಿಡಿ ಎಂದ. ಅವನು ಹೇಳಲಿಲ್ಲವೆಂದು ಆಮೇಲೆ ಗೊತ್ತಾಯಿತು. ಆ ಹೊತ್ತಿಗೆ ನಿಶತ್‌ಗೆ ಏನೋ ಕೆಟ್ಟದ್ದಾಗಿದೆ ಎಂದು ತಿಳಿದಿತ್ತು. ದಾರಿಯುದ್ದಕ್ಕೂ ಅವಳು ತನ್ನ ಬೆರಳಿನ ಮಸಿಯನ್ನು ದುಪಟ್ಟಾದಲ್ಲಿ ಒರೆಸುತ್ತಲೇ ಇದ್ದಳು.

ಮಾರನೆಯ ಬೆಳಿಗ್ಗೆ ಮೇಷ್ಟ್ರನ್ನು ಡ್ರಾಯಿಂಗ್ ರೂಮಿನಲ್ಲೇ ಹಿಡಿದೆ. ಏನಾಯಿತೆಂದು ಹೇಳಿದೆ. ಅಲ್ಲ ಸ್ವಾಮಿ, ನಿಮ್ಮ ಊರಮ್ಮನ ಶಾಸ್ತ್ರವನ್ನು ಮಕ್ಕಳ ತಲೆಗೆ ಯಾಕೆ ಕಟ್ಟಿದಿರಿ, ಇವರೇನು ಗುಡಿ ಕಟ್ಟಲು ಬಂದಿದ್ದರೇ ಎಂದು ಬಾಯಿಗೆ ಬಂದಂತೆ ಬೈದೆ. ಅವರು ಮೆಟ್ಟಿಲ ಮೇಲೆ ಕೂತರು. ಅಲ್ಲಿ ಅವಳೊಬ್ಬಳೇ ಮುಖ ಪೂರ್ತಿ ಮಾಡಬೇಕು ಎನ್ನುವುದು ನನ್ನ ಮನಸ್ಸಿಗೆ ಬರಲೇ ಇಲ್ಲ ಮೇಡಂ ಎಂದಷ್ಟೇ ಹೇಳಿದರು. ನಿಜವನ್ನೇ ಹೇಳುತ್ತಿದ್ದರು. ಕಣ್ಣು ಮಕ್ಕಳ ಕೆಲಸವೆಂದು ಅವರು ಯಾವತ್ತೂ ಎಣಿಸಿಯೇ ಇರಲಿಲ್ಲ.

ಫಲಿತಾಂಶದಲ್ಲಿ ನಿಶತ್ ಹೆಸರಿರಲಿಲ್ಲ. ನಮ್ಮ ಜಿಲ್ಲೆಯ ಸೀಟು ಹೊಸಕೋಟೆ ಕಡೆಯ ಅಮರ್ ಎನ್ನುವ ಹುಡುಗನಿಗೆ ಹೋಗಿತ್ತು. ನಾನು ಸುಮ್ಮನಿರಲಿಲ್ಲ. ಅಫ್ಸರ್ ಮತ್ತು ಮೇಷ್ಟ್ರನ್ನು ಹೊರಡಿಸಿಕೊಂಡು ಆ ಶಾಲೆಗೆ ಹೋಗಿ ಪ್ರಿನ್ಸಿಪಾಲರ ಮುಂದೆ ಕೂತೆ. ಅಫ್ಸರ್ ಇಸ್ತ್ರಿ ಮಾಡಿದ ಷರಟು ಹಾಕಿ, ಟೋಪಿ ಇಟ್ಟುಕೊಂಡು ಬಂದಿದ್ದರು.

ಪ್ರಿನ್ಸಿಪಾಲರು ನಯವಾದ ಹೆಂಗಸು. ಟೀ ತರಿಸಿದರು. ನಿಶತ್ ಬರೆದ ತಾತನ ಚಿತ್ರವನ್ನು ಹುಡುಕಿಸಿ ಮೇಜಿನ ಮೇಲೆ ಇಟ್ಟರು. ಅಯ್ಯೋ, ಆ ಚಿತ್ರ! ಗಡ್ಡದ ಒಂದೊಂದು ಕೂದಲೂ ಇತ್ತು, ಹಣೆಯ ಗೆರೆಯಲ್ಲಿ ಮುದುಕನ ಆಯಸ್ಸೆಲ್ಲ ಇತ್ತು. ಹುಬ್ಬಿನ ಕೆಳಗೆ ಬರೀ ಬಿಳಿ ಹಾಳೆ.

ನಾವು ಬಾಯಿ ತೆರೆಯುವ ಮೊದಲೇ ಅವರು ಅಫ್ಸರ್ ಕಡೆ ತಿರುಗಿ ಬಹಳ ಮರ್ಯಾದೆಯಿಂದ ಮಾತಾಡಿದರು. ನಿಮ್ಮ ಮಗಳ ಕೈ ದೊಡ್ಡದು, ನಾವೆಲ್ಲ ಮೆಚ್ಚಿದೆವು, ಆದರೆ ಜೀವ ಇರುವುದಕ್ಕೆ ಕಣ್ಣು ಬರೆಯಬಾರದು ಎನ್ನುವುದು ನಿಮ್ಮಲ್ಲಿ ಕೆಲವರ ನಂಬಿಕೆ, ಅದನ್ನು ನಾವು ಗೌರವಿಸುತ್ತೇವೆ, ಅದಕ್ಕೇ ಆ ಬಗ್ಗೆ ಹುಡುಗಿಯನ್ನು ಪ್ರಶ್ನೆ ಮಾಡಿ ನೋಯಿಸಲಿಲ್ಲ ಎಂದರು. ಐದು ವರ್ಷ ಮನುಷ್ಯರನ್ನೇ ಬರೆಸುವ ಶಾಲೆ ಇದು, ಅವಳಿಗೇ ಕಷ್ಟವಾಗುತ್ತದೆ ಎಂದು ಬಿಟ್ಟರಂತೆ. ಅವಳ ಮಿಕ್ಕ ಚಿತ್ರಗಳಲ್ಲಿ ಕಣ್ಣುಗಳನ್ನು ಬೇರೆ ಯಾರೋ ಬರೆದಿರುವುದು ಮೊದಲ ನೋಟಕ್ಕೇ ಗೊತ್ತಾಯಿತಂತೆ. ಯಾರ ಮುಖಕ್ಕೆ ನೋಡಿದರೂ ಅದೇ ಕಣ್ಣುಗಳು. ಅವಳು ಒಲ್ಲೆ ಎಂದಿದ್ದಕ್ಕೆ ನಮ್ಮ ಹೈಸ್ಕೂಲಿನವರೇ ತುಂಬಿ ಕಳಿಸಿದ್ದಾರೆ ಎಂದುಕೊಂಡರಂತೆ.

ಅಫ್ಸರ್ ಟೀ ಲೋಟ ಕೆಳಗಿಟ್ಟರು. ಅವರ ಮುಖದಲ್ಲಿ ಕೋಪ ಇರಲಿಲ್ಲ, ಅದು ಇದ್ದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

"ನಮ್ಮಮ್ಮನ ಮುಖಾನೇ ಅವಳು ನೂರ್ ಸಲ ಬರ್ದಿದಾಳೆ ಮೇಡಂ. ನಮ್ ಮನೇಲಿ ಯಾರೂ ಬೇಡ ಅಂದಿಲ್ಲ. ನೀವು ಒಂದ್ ಮಾತು ಕೇಳ್ಬಹುದಾಗಿತ್ತಲ್ವಾ?"

ಆಗ ನಮ್ಮ ಮೇಷ್ಟ್ರು ಎದ್ದು ನಿಂತರು. ಹೆಡ್‌ಮಾಸ್ಟರ ಮುಂದೆ ತಪ್ಪು ಮಾಡಿದ ಹುಡುಗ ನಿಲ್ಲುವ ಹಾಗೆ ಕೈ ಕಟ್ಟಿಕೊಂಡು ನಿಂತರು.

"ಅದು ಅವರ ನಂಬಿಕೆ ಅಲ್ಲಮ್ಮ. ನಂದು."

ಎಲ್ಲ ಹೇಳಿದರು. ಪ್ರಿನ್ಸಿಪಾಲರು ಕೇಳುತ್ತಾ ಕೇಳುತ್ತಾ ಬೆಳ್ಳಗಾದರು. ಆ ಹೆಂಗಸು ಕೆಟ್ಟವರಲ್ಲ, ಕಣ್ಣಲ್ಲಿ ನೀರು ಬಂತು ಅವರಿಗೆ. ಆದರೆ ನೀರಿನಿಂದ ಏನಾಗಬೇಕು? ಹೊಸಕೋಟೆಯ ಹುಡುಗ ಹಾಸ್ಟೆಲ್ಲಿಗೆ ಪೆಟ್ಟಿಗೆ ತಂದು ಇಟ್ಟಾಗಿತ್ತು, ಅವನನ್ನು ಎಬ್ಬಿಸಿ ಕಳಿಸುವುದಕ್ಕಾಗುತ್ತದೆಯೇ? ಮುಂದಿನ ವರ್ಷದ ಸೀಟು ಆ ವರ್ಷ ಎಸ್ಸೆಸ್ಸೆಲ್ಸಿ ಮುಗಿಸಿದ ಮಕ್ಕಳಿಗೇ. ಆಡಳಿತ ಮಂಡಳಿಗೆ ಹೇಳಿ ನೋಡುತ್ತೇನೆ ಎಂದರು, ಒಂದು ವಾರದ ಮೇಲೆ ಫೋನು ಮಾಡಿ ಆಗಲಿಲ್ಲ ಎಂದರು. ಹೆಸರು ನೋಡಿ ಗೌರವ ಕೊಟ್ಟರು, ಬಾಯಿ ಬಿಟ್ಟು ಒಂದು ಪ್ರಶ್ನೆ ಕೇಳಲಿಲ್ಲ. ಇಂಥ ಗೌರವಕ್ಕೆ ಬೆಂಕಿ ಹಾಕ.

ಬಸ್ಸಿನಲ್ಲಿ ವಾಪಸ್ ಬರುವಾಗ ಮೇಷ್ಟ್ರು ಅಫ್ಸರ್ ಕೈ ಹಿಡಿದುಕೊಂಡು ಏನೋ ಹೇಳಲು ಹೋದರು. ಅಫ್ಸರ್ ಅವರ ಕೈ ತಟ್ಟಿ, ಬಿಡಿ ಮೇಷ್ಟ್ರೇ, ನೀವು ಅವಳಿಗೆ ಕೆಟ್ಟದ್ದು ಬಯಸಿದವರಲ್ಲ, ಅವಳ ನಸೀಬು ಅಷ್ಟೇ ಎಂದರು. ಪ್ರಿನ್ಸಿಪಾಲರ ಫೋನು ಬಂದ ವಾರವೇ ನಿಶತ್ ಕಾಮರ್ಸ್ ಸೇರಿದಳು. ಗೋಡೆಯ ಮೇಲಿನ ಚಿತ್ರಗಳನ್ನು ಅವಳೇ ಬಿಚ್ಚಿ ಒಳಗಿಟ್ಟಳೆಂದು ದಾದಿ ಮಹಮೂದಾ ಸಂತೆಯಲ್ಲಿ ಸಿಕ್ಕಾಗ ಹೇಳಿದರು. ಪೆನ್ಸಿಲ್ ಮುಟ್ಟುವುದಿಲ್ಲ, ನೀವಾದರೂ ಬುದ್ಧಿ ಹೇಳಿ ಟೀಚರಮ್ಮ ಎಂದರು.

ಆ ತಿಂಗಳ ಕೊನೆಗೆ ಮೇಷ್ಟ್ರ ಬೀಳ್ಕೊಡುಗೆ ಆಯಿತು. ಶಾಲು ಹೊದಿಸಿದರು, ಹಾರ ಹಾಕಿದರು, ನಾನು ಅವರ ಬಗ್ಗೆ ನಾಲ್ಕು ಮಾತಾಡಲು ಎದ್ದು ಎರಡಕ್ಕೇ ಕೂತೆ. ಊಟ ಮುಗಿದು ಎಲ್ಲರೂ ಹೊರಟ ಮೇಲೆ ನಿಶತ್ ಬಂದಳು. ಕಾಲೇಜಿನ ಯೂನಿಫಾರ್ಮಿನಲ್ಲಿದ್ದಳು. ಬರಹೇಳಿದ್ದು ಮೇಷ್ಟ್ರೇ. ಅವಳು ಒಬ್ಬಳೇ ಒಳಗೆ ಹೋಗಲು ಹಿಂಜರಿದಳು, ಅದಕ್ಕೆ ನಾನೂ ಡ್ರಾಯಿಂಗ್ ರೂಮಿಗೆ ಹೋದೆ.

ಮೇಷ್ಟ್ರು ಬೋರ್ಡಿಗೆ ಹಾಳೆ ಸಿಕ್ಕಿಸಿ ಇಟ್ಟಿದ್ದರು. ತಾವೇ ಹೋಗಿ ಎದುರಿನ ಸ್ಟೂಲಿನ ಮೇಲೆ ಕೂತರು.

"ನನ್ನನ್ನ ಬರಿಯಮ್ಮ. ಕಣ್ಣೂ ನೀನೇ ಬರಿ. ನಾನು ಅಪ್ಪಣೆ ಕೊಟ್ಟೆ."

ಅವಳು ಬ್ಯಾಗು ಕೆಳಗಿಟ್ಟಳು. ಆಮೇಲೆ ಕೂತು ಪೆನ್ಸಿಲ್ ತೆಗೆದುಕೊಂಡಳು. ಇಷ್ಟು ದಿನ ಮುಟ್ಟದಿದ್ದರೂ ಕೈ ಓಡುತ್ತಿತ್ತು. ಕೆನ್ನೆಯ ಗುಳಿ, ಹಾರದಿಂದ ಉದುರಿ ಹೆಗಲಿಗೆ ಅಂಟಿದ್ದ ಸೇವಂತಿಗೆಯ ಎಸಳು, ಕಿವಿಯ ಮೇಲಿನ ಬಿಳಿ ಕೂದಲು, ಒಂದೊಂದೇ ಹಾಳೆಗೆ ಇಳಿದವು. ನಾನು ಅವಳ ಹಿಂದೆ ನಿಂತು ನೋಡುತ್ತಿದ್ದೆ. ಕಣ್ಣಿನ ಜಾಗಕ್ಕೆ ಬಂದಾಗ ಕೈ ನಿಂತಿತು. ಮೇಷ್ಟ್ರು ರೆಪ್ಪೆ ಅಲುಗಿಸದೆ ಕೂತಿದ್ದರು. ಅವಳು ಅವರನ್ನು ಬಹಳ ಹೊತ್ತು ನೋಡಿದಳು, ಆಮೇಲೆ ತಲೆ ತಗ್ಗಿಸಿ ಬರೆದಳು.

ಮೇಷ್ಟ್ರ ಕಣ್ಣುಗಳು ಸಣ್ಣವು, ಕೆಳಗೆ ಊದಿಕೊಂಡಂಥವು, ಎಡಗಡೆಯ ರೆಪ್ಪೆ ಸ್ವಲ್ಪ ಜೋತುಬಿದ್ದಿದೆ. ಹಾಳೆಯ ಮೇಲೆ ಬಂದದ್ದು ಅದಲ್ಲ. ದೊಡ್ಡ ದೊಡ್ಡ ಕಣ್ಣು, ಮೀನಿನ ಆಕಾರದ್ದು, ಕಿವಿಯ ಕಡೆಗೆ ಎಳೆದ ಕಪ್ಪು ಅಂಚು, ಅಗಲವಾಗಿ ತೆರೆದಂಥದ್ದು. ಅವರು ಶನಿವಾರ ಎಲ್ಲರ ಚಿತ್ರಕ್ಕೂ ಬರೆದುಕೊಡುತ್ತಿದ್ದ ಊರಮ್ಮನ ಕಣ್ಣು. ಮುದುಕ ಮೇಷ್ಟ್ರ ಮುಖದ ಮೇಲೆ ಅವನ್ನು ನೋಡಿ ನನಗೆ ಭಯವಾಯಿತು.

ನಿಶತ್ ಪೆನ್ಸಿಲ್ ಕೆಳಗಿಟ್ಟಳು.

"ನಂಗೆ ಇದೊಂದೇ ಬರೋದು ಸಾರ್. ಅಷ್ಟ್ ಜನದ ಮುಖ ಬರ್ದೆ, ಒಬ್ಬರದೂ ಕಣ್ಣು ನೋಡ್ಲಿಲ್ಲ ನಾನು. ದಾದೀದೂ ನೋಡ್ಲಿಲ್ಲ. ಅದು ನನ್ ಕೆಲ್ಸ ಅಲ್ಲ ಅಂತ ಬಿಟ್ಬಿಡ್ತಿದ್ದೆ." ಹಾಳೆಯಿಂದ ತಲೆ ಎತ್ತಿ ಕೇಳಿದಳು, "ಎಲ್ಲಾ ಕಲಿಸಿದ್ರಿ. ಇದೊಂದನ್ನ ಯಾಕೆ ಕಲಿಸ್ಲಿಲ್ಲ ಸಾರ್?"

ಮೇಷ್ಟ್ರು ಎದ್ದು ಬಂದು ಚಿತ್ರ ನೋಡಿದರು. ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು ಮತ್ತೆ ನೋಡಿದರು. ಆಮೇಲೆ ನಮ್ಮ ಶಾಲೆಯಲ್ಲಿ ಯಾರಿಗೂ ಹೇಳದಿದ್ದ ವಿಷಯ ಹೇಳಿದರು. ಅವರಿಗೊಬ್ಬ ಅಣ್ಣ ಇದ್ದನಂತೆ, ಕೆತ್ತನೆಯಲ್ಲಿ ಅಪ್ಪನನ್ನೂ ಮೀರಿಸುವ ಹುಡುಗ. ಒಮ್ಮೆ ಅಪ್ಪ ಊರಲ್ಲಿಲ್ಲದಾಗ ಅಪ್ಪಣೆಯಿಲ್ಲದೆ ಒಂದು ಅಮ್ಮನವರ ವಿಗ್ರಹಕ್ಕೆ ಕಣ್ಣು ತೆರೆದುಬಿಟ್ಟನಂತೆ. ಆ ವರ್ಷವೇ ಜ್ವರ ಬಂದು ಅವನ ಕಣ್ಣು ಹೋಯಿತಂತೆ. ಅವನು ಸಾಯುವವರೆಗೆ ಕೈ ಹಿಡಿದು ನಡೆಸಿದ್ದು ಈ ತಮ್ಮನೇ.

"ನಿಮ್ಮಲ್ಲಿ ಯಾರಿಗಾದ್ರೂ ಹಾಗಾದ್ರೆ ಅಂತ ಹೆದರ್ಕೊಂಡೆ ಕಣಮ್ಮ. ಬರೋದಿದ್ರೆ ನಂಗೇ ಬರ್ಲಿ ಅಂತ ಎಲ್ಲಾರ್ದೂ ನಾನೇ ಬರೀತಿದ್ದೆ."

ಅದು ಯಾವುದೋ ದಡಾರದ ಜ್ವರ ಇರಬೇಕು, ದೇವರಿಗೂ ಅದಕ್ಕೂ ಏನು ಸಂಬಂಧ ಎಂದು ನನ್ನ ಬಾಯಿ ತುದಿಗೆ ಬಂದಿತ್ತು. ನುಂಗಿಕೊಂಡೆ. ಪ್ರತಿ ಶನಿವಾರ, ಒಂದೊಂದು ಹಾಳೆಗೂ, ಇವರು ತಮ್ಮ ಕಣ್ಣನ್ನು ಒತ್ತೆಯಿಟ್ಟು ಕೂತಿದ್ದರು. ನಾವು ಟೀ ಕುಡಿಯುತ್ತಾ ಚೆಂದ ನೋಡುತ್ತಿದ್ದೆವು.

ನಿಶತ್ ರಬ್ಬರ್ ತೆಗೆದುಕೊಂಡು ತಾನು ಬರೆದ ಕಣ್ಣುಗಳನ್ನು ನಿಧಾನವಾಗಿ ಉಜ್ಜಿದಳು. ಮಿಕ್ಕ ಗೆರೆಗೆ ತಾಗದ ಹಾಗೆ, ಕಲಿಸಿಕೊಟ್ಟ ಹಾಗೆಯೇ, ಚೊಕ್ಕಟವಾಗಿ ಉಜ್ಜಿದಳು. ರಬ್ಬರಿನ ಪುಡಿ ಊದಿ, ಹಾಳೆ ಬಿಚ್ಚಿ ಮೇಷ್ಟ್ರ ಕೈಗೆ ಕೊಟ್ಟಳು.

"ಕಣ್ಣು ನೀವೇ ಬರ್ಕೊಳ್ಳಿ ಸಾರ್. ನಂಗೆ ಬಸ್ಸಿಗೆ ಹೊತ್ತಾಯ್ತು."

ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಬಗ್ಗಿ ಅವರ ಕಾಲು ಮುಟ್ಟಿದಳು, ಬ್ಯಾಗು ಹೆಗಲಿಗೆ ಹಾಕಿಕೊಂಡಳು, ಹೋದಳು. ನಾನು ಬಾಗಿಲಲ್ಲಿ ನಿಂತು ಕೂಗಲು ನೋಡಿದೆ, ಏನೆಂದು ಕೂಗಬೇಕೋ ತಿಳಿಯಲಿಲ್ಲ. ಅವಳು ಗೇಟು ದಾಟಿ ರಸ್ತೆಯ ಆ ಬದಿಗೆ ಹೋಗಿ ನಿಂತಳು. ಬಸ್ಸು ಬಂದು ಅವಳನ್ನು ಹತ್ತಿಸಿಕೊಂಡು ಹೋಯಿತು.

ಒಳಗೆ ಬಂದರೆ ಮೇಷ್ಟ್ರು ಹಾಳೆ ಹಿಡಿದು ಅಲ್ಲೇ ನಿಂತಿದ್ದರು. ಬ್ರಷ್ಷು ಕೈಗೆ ಸಿಗುವ ಹಾಗೆಯೇ ಇತ್ತು, ಮುಟ್ಟಿರಲಿಲ್ಲ. ಅಟೆಂಡರ್ ಬಂದು, ನಾಳೆಯಿಂದ ಈ ರೂಮಿಗೆ ಬಿಸಿಯೂಟದ ಅಕ್ಕಿ ಮೂಟೆ ಹಾಕಬೇಕಂತೆ, ಬೀಗದ ಕೈ ಕೊಡಿ ಸಾರ್ ಎಂದು ಕೇಳಿದ. ಮೇಷ್ಟ್ರು ಜೇಬಿನಿಂದ ತೆಗೆದು ಕೊಟ್ಟರು. ಆಮೇಲೆ ಹಾಳೆಯನ್ನು ನನ್ನ ಕಡೆ ಚಾಚಿದರು.

"ಕಿವಿ ನೋಡಿ ಮೇಡಂ, ಎಷ್ಟ್ ಸರಿಯಾಗಿ ಬರ್ದಿದಾಳೆ. ಕಿವಿ ಬಹಳ ಕಷ್ಟ."

ಹೌದು ಮೇಷ್ಟ್ರೇ ಎಂದೆ. ಅತ್ತುಬಿಟ್ಟೆ.